ಕೇಳದೆ ತೆಗೆದ ಪಟ



ಶಿವಪುರದ ಸತ್ಯಾಗ್ರಹ ಸೌಧದ ಹತ್ತಿರ ಒಂದು ಸಭೆಗೆ ಹೋಗಿದ್ದೆವು. 1938ರ ಏಪ್ರಿಲ್‌ನಲ್ಲಿ ನಿಷೇಧ ಮುರಿದು ಬಾವುಟ ಹಾರಿಸಿದ ನೆಲ ಅದು. ಊಟದ ಎಲೆ ಎತ್ತುತ್ತಿದ್ದ ಕೇರಿಯ ಅಜ್ಜಿಯೊಬ್ಬರ ಪಟವನ್ನು ಒಬ್ಬ ಹುಡುಗ ಮೊಬೈಲಿನಲ್ಲಿ ತೆಗೆದ. ಅಜ್ಜಿ ಸೆರಗನ್ನು ಮುಖಕ್ಕೆ ಎಳೆದುಕೊಂಡು, "ಯಾಕ್ ಮಗಾ, ಒಂದ್ ಮಾತು ಕೇಳ್ಬಾರ್ದಾ?" ಅಂದರು. ಹುಡುಗ ಹೊರಗಿನವನಲ್ಲ, ನಮ್ಮ ಹಾಸ್ಟೆಲಿನವನೇ. "ಬೀದೀಲಿ ತೆಗೆದ್ರೆ ತಪ್ಪೇನು?" ಅಂತ ನಮ್ಮನ್ನೇ ಕೇಳಿದ.

ಬೀದಿಯಲ್ಲಿ ಪಟ ತೆಗೆಯಲು ಒಪ್ಪಿಗೆ ಬೇಕೇಬೇಕು ಅನ್ನುವ ಕಾನೂನು ಈ ದೇಶದಲ್ಲಿಲ್ಲ, ನಿಜ. ಆದರೆ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕು ಅಂದರು. ಸಾರ್ವಜನಿಕ ಜಾಗದಲ್ಲಿದ್ದ ಮಾತ್ರಕ್ಕೆ ಅದು ಹೋಗುವುದಿಲ್ಲ ಅಂತಲೂ ಹೇಳಿದರು. ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಈ ಮಾತು ಯಾರಿಗಿಂತಲೂ ಹೆಚ್ಚಾಗಿ ನಮ್ಮ ಜನರಿಗೆ ಬೇಕು. ಉಳ್ಳವರಿಗೆ ಗೋಡೆಯಿದೆ, ಬಾಗಿಲಿದೆ. ಬೀದಿ ನಲ್ಲಿಯಲ್ಲಿ ಮೀಯುವವರಿಗೆ, ರಸ್ತೆ ಬದಿಯಲ್ಲಿ ಉಣ್ಣುವವರಿಗೆ ಬೀದಿಯೇ ಮನೆ. ಅಲ್ಲಿ ಕೇಳದೆ ಪಟ ತೆಗೆಯುವುದು ಬಾಗಿಲು ಬಡಿಯದೆ ಒಳಗೆ ನುಗ್ಗಿದ ಹಾಗೆ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನು ಮರೆಯಬೇಡಿ. ಬೆತ್ತಲೆ ಸೇವೆಗೆ ಬಂದ ಬಡ ಹೆಣ್ಣುಮಕ್ಕಳನ್ನು ನೋಡಲು ಜನ ಸೇರಿದರು, ಕ್ಯಾಮೆರಾಗಳೂ ಬಂದವು. 1986ರ ಮಾರ್ಚ್‌ನಲ್ಲಿ ಸೇವೆ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರು ಏಟು ತಿಂದರು. ಸರ್ಕಾರ ಆಮೇಲೆ ಅದನ್ನು ನಿಷೇಧಿಸಿತು. ಆ ಅನಿಷ್ಟ ನಿಲ್ಲಲೇಬೇಕಿತ್ತು. ಆದರೆ ಅದನ್ನು ತೋರಿಸುವ ನೆಪದಲ್ಲಿ ಆ ತಾಯಂದಿರ ಮೈ ಪತ್ರಿಕೆಗೆ ಸರಕಾಗಬೇಕಿತ್ತೇ?

"ಪಟ ಇಲ್ಲದಿದ್ದರೆ ನಮ್ಮ ನೋವು ಯಾರು ನಂಬ್ತಾರೆ?" ಅಂತ ಕೇಳುವಿರಿ. ಸರಿಯಾದ ಪ್ರಶ್ನೆಯೇ. 2010ರಲ್ಲಿ ಸವಣೂರಿನ ಭಂಗಿ ಬಂಧುಗಳು ಮನೆ ಬಿಡಿಸುವುದರ ವಿರುದ್ಧ ಪುರಸಭೆಯ ಎದುರು ಮಲ ಸುರಿದುಕೊಂಡರು. ಆ ಪಟ ನೋಡಿ ನಾಡು ತಲೆ ತಗ್ಗಿಸಿತು. ಆದರೆ ಅಲ್ಲಿ ತೋರಿಸಬೇಕು ಅಂತ ತೀರ್ಮಾನ ಮಾಡಿದವರು ಅವರೇ. ಚಂದ್ರಗುತ್ತಿಗೂ ಸವಣೂರಿಗೂ ಇರುವ ವ್ಯತ್ಯಾಸ ಇಷ್ಟೇ, ಇದೇ ಎಲ್ಲ.

ಲಾಠಿ ಎತ್ತಿದವನ ಪಟಕ್ಕೆ ಅವನ ಅಪ್ಪಣೆ ಬೇಡ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದರೆ ಆ ಲೋಟದ ಪಟ ತೆಗೆಯಿರಿ, ಇಟ್ಟವನದೂ ತೆಗೆಯಿರಿ. ಏಟು ತಿಂದವರ ಮುಂದೆ ಮಾತ್ರ ಮೊದಲು ಕೂತುಕೊಳ್ಳಿ, ಹೆಸರು ಕೇಳಿ, ಯಾತಕ್ಕೆ ಅಂತ ಹೇಳಿ. ಬೇಡ ಅಂದರೆ ಮೊಬೈಲು ಜೇಬಿಗೆ ಹಾಕಿ.

ನಮ್ಮನ್ನು ಕೇಳುವ ಪದ್ಧತಿಯೇ ಈ ನಾಡಿನಲ್ಲಿ ಇರಲಿಲ್ಲ. ಅದನ್ನು ನಾವಾದರೂ ಶುರು ಮಾಡೋಣ.