ಕಾಗದ ಹಳೆಯದು, ಕಬ್ಬಿಣ ಯಾವುದು?

ಹಳೆಯ ಜೀಪೊಂದನ್ನು ಕೊಳ್ಳುವ ಆಸೆಯಿಂದ ಕೆಲವು ತಿಂಗಳುಗಳಿಂದ ಅಂತರ್ಜಾಲದ ಮಾರಾಟ ತಾಣಗಳನ್ನು ಜಾಲಾಡುತ್ತಿದ್ದೇನೆ. '1942ರ ಅಸಲಿ ವಿಲ್ಲೀಸ್' ಎಂಬ ಒಕ್ಕಣೆ ಅಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಅಂಥ ಒಬ್ಬ ಮಾರಾಟಗಾರನಲ್ಲಿ ಚಾಸಿಸ್ ಸಂಖ್ಯೆಯ ಚಿತ್ರ ಕೇಳಿದೆ. 'ಆರ್.ಸಿ. ಸರಿಯಾಗಿದೆಯಲ್ಲ ಸಾರ್, ಇನ್ನೇನು ಬೇಕು?' ಎಂಬ ಉತ್ತರ ಬಂತು, ಚಿತ್ರ ಬರಲಿಲ್ಲ. ತಾಣಕ್ಕೆ ದೂರು ಕೊಟ್ಟರೂ ಜಾಹೀರಾತು ಹಾಗೆಯೇ ಉಳಿಯಿತು.

ಎರಡನೆಯ ಮಹಾಯುದ್ಧಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧಾನಂತರ ಮಹೀಂದ್ರ ಸಂಸ್ಥೆ ವಿಲ್ಲೀಸ್ ಜೀಪುಗಳನ್ನು ಮೊದಲು ಇಲ್ಲಿ ಜೋಡಿಸಿ, ಬಳಿಕ ಪರವಾನಗಿಯಡಿ ತಾನೇ ತಯಾರಿಸಿತು. ಒಂದೇ ವಂಶದ ಈ ಗಾಡಿಗಳಿಗೆ ಹಸಿರು ಬಣ್ಣ ಬಳಿದು, ಒಂಬತ್ತು ಸೀಳುಗಳ ಮುಂಜಾಲರಿ ಕೂರಿಸಿದರೆ ಸೇನಾ ಜೀಪಿನ ವೇಷ ಸಿದ್ಧ. ವೇಷ ಕಳಚುವುದು ಗಾಡಿಯ ಅಡಿಯಲ್ಲಿ. ಯುದ್ಧಕಾಲದ ವಿಲ್ಲೀಸ್ ಚೌಕಟ್ಟಿನ ಮುಂದಿನ ಅಡ್ಡತೊಲೆ ದುಂಡು ಕೊಳವೆ. ಫೋರ್ಡ್‌ನದು ಬೋರಲಾದ 'ಯು' ಆಕಾರ. ಫೋರ್ಡ್‌ನ ಬಿಡಿಭಾಗಗಳ ಮೇಲೆ 'ಎಫ್' ಅಕ್ಷರದ ಅಚ್ಚೂ ಇರುತ್ತದೆ.

ಪ್ರತಿಕೃತಿ ಮಾಡುವುದು ಅಪರಾಧವಲ್ಲ. ಅದನ್ನು ಅಸಲಿಯೆಂದು ಮಾರುವುದು ವಂಚನೆ. ಗುಜರಿ ಸೇರಿದ ಜೀಪಿನ ಕಾಗದವನ್ನು ಉಳಿಸಿಕೊಂಡು, ಅದರ ಸಂಖ್ಯೆಯನ್ನು ಬೇರೆ ಚೌಕಟ್ಟಿಗೆ ಕುಟ್ಟುವುದಂತೂ ಇನ್ನೂ ಅಪಾಯಕಾರಿ. ಆ ಚೌಕಟ್ಟು ಕದ್ದ ಗಾಡಿಯದಾಗಿದ್ದರೆ ಠಾಣೆಯ ಮೆಟ್ಟಿಲು ಹತ್ತಬೇಕಾದವನು, ಗಾಡಿ ಮತ್ತು ಹಣ ಎರಡನ್ನೂ ಕಳೆದುಕೊಳ್ಳುವವನು, ಕೊಂಡವನೇ.

2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳ ಪ್ರಕಾರ, 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಕ್ಕೆ 'ವಿಂಟೇಜ್' ಮಾನ್ಯತೆ ದೊರೆಯುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಪರಂಪರೆಯ ರಕ್ಷಣೆಗೆ ಇದು ಸ್ವಾಗತಾರ್ಹ. ಆದರೆ ವಯಸ್ಸಿಗೆ ಬೆಲೆ ಬಂದಾಗ ವಯಸ್ಸನ್ನು ಸಾರುವ ಕಾಗದವೂ ಮಾರಾಟದ ಸರಕಾಗುತ್ತದೆ ಎಂಬುದನ್ನು ಮರೆಯಲಾಗದು.

'ನಾವು ಬರೀ ವೇದಿಕೆ' ಎಂದು ಮಾರಾಟ ತಾಣಗಳು ನುಣುಚಿಕೊಳ್ಳುವುದು ಸರಿಯಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ಮಧ್ಯವರ್ತಿಗಳಿಗೆ ನೀಡುವ ರಕ್ಷಣೆ, ಅವರು ತೋರಬೇಕಾದ ಎಚ್ಚರಕ್ಕೆ ಬದ್ಧವಾದುದು. 'ಅಸಲಿ' ಎಂಬ ಜಾಹೀರಾತಿಗೆ ಚಾಸಿಸ್ ಸಂಖ್ಯೆಯ ಸ್ಪಷ್ಟ ಚಿತ್ರ ಕಡ್ಡಾಯವಾಗಲಿ. ದೂರು ಬಂದರೆ ಮಾರಾಟಗಾರ ಉತ್ತರಿಸುವವರೆಗೆ ಅದನ್ನು ತಡೆಹಿಡಿಯಲಿ. ಮಾಲೀಕತ್ವ ವರ್ಗಾಯಿಸುವಾಗ ಸಾರಿಗೆ ಅಧಿಕಾರಿಗಳು ಕಾಗದದ ಜೊತೆಗೆ ಕಬ್ಬಿಣವನ್ನೂ ಪರಿಶೀಲಿಸಲಿ. ಕೊಳ್ಳುವವರು, ಬಲ್ಲ ಮೆಕ್ಯಾನಿಕ್‌ನೊಬ್ಬ ಗಾಡಿಯ ಅಡಿಗೆ ಇಣುಕುವ ಮೊದಲು ಬಿಡಿಗಾಸು ಮುಂಗಡವನ್ನೂ ಕೊಡದಿರಲಿ.

ನಾನಿನ್ನೂ ಜೀಪು ಕೊಂಡಿಲ್ಲ. ಮಹೀಂದ್ರ ಜೀಪನ್ನು ಮಹೀಂದ್ರ ಎಂದೇ ಹೇಳಿ ಮಾರುವವರು ಸಿಕ್ಕರೆ, ಸಂತೋಷದಿಂದ ಅದನ್ನೇ ಕೊಳ್ಳುತ್ತೇನೆ.