ಬೋಲ್ಡ್‌ವುಡ್‌ನದು ಪ್ರೇಮವೇ?

ಹಾರ್ಡಿಯ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ (1874) ಕಾದಂಬರಿಯ ಮಾತು ಬಂದಾಗಲೆಲ್ಲ ಬಾತ್‌ಷೀಬಳನ್ನು ಬೈದು ಬೋಲ್ಡ್‌ವುಡ್‌ಗಾಗಿ ಮರುಗುವವರನ್ನು ಕಂಡು ನಮಗೆ ಬೇಸರವಾಗಿದೆ. ಸಾರ್ಜೆಂಟ್ ಟ್ರಾಯ್‌ನ ಕೆಂಪು ಕೋಟು, ಕತ್ತಿವರಸೆಗೆ ಆಕೆ ಮರುಳಾದಳು, ನಿಜ; ದಂಡವನ್ನೂ ತೆತ್ತಳು. ಈ ಗೌರವಸ್ಥ ಮಹಾಶಯನೋ? ತಮಾಷೆಯ ವ್ಯಾಲೆಂಟೈನ್ ಕಾಗದ ಬರುವವರೆಗೆ ಅವಳತ್ತ ನೋಡಿದವನೇ ಅಲ್ಲ. ಆಮೇಲೂ ಅವಳು ಚೆಲುವೆಯೇ ಎಂದು ಪಕ್ಕದವನನ್ನು ಕೇಳಿ ಖಾತ್ರಿ ಮಾಡಿಕೊಂಡ!

ಟ್ರಾಯ್‌ನನ್ನು ಗುಂಡಿಕ್ಕಿ ಕೊಂದ ಮೇಲೆ ಇವನ ಮನೆಯ ಬೀಗ ಹಾಕಿದ ಕಪಾಟಿನಲ್ಲಿ ಸಿಕ್ಕಿದ್ದು ರೇಷ್ಮೆ ಉಡುಪು, ಒಡವೆ. ಪೊಟ್ಟಣಗಳ ಮೇಲೆ ಅವಳ ಹೆಸರಿಗೆ ಅಂಟಿಸಿದ ತನ್ನ ಮನೆತನದ ಹೆಸರು, ಆರು ವರ್ಷ ಮುಂದಿನ ತಾರೀಖು. ಮಂಜೂರಾತಿಗೆ ಮುಂಚೆ ಬಿಲ್ಲು ಮಾಡಿದರೆ ನಮ್ಮ ಕಚೇರಿಯಲ್ಲಿ ಮೆಮೊ ಬರುತ್ತದೆ. ಇಲ್ಲಿ ಕಣ್ಣೀರು!

ಬಿರುಗಾಳಿಯ ರಾತ್ರಿ ಒಬ್ಬನೇ ನಿಂತು ಅವಳ ಬಣವೆಗಳನ್ನು ಮುಚ್ಚತೊಡಗಿದ ಓಕ್‌ಗೆ ಮಾತ್ರ ಯಾರ ಮರುಕವೂ ಇಲ್ಲ.