ಬೀಟೆಯ ಹಲಗೆಗೆ ಬೇಕಾದ ಹವೆ

ಮಲೆನಾಡಿನ ಮನೆಗಳಲ್ಲಿ ಆಷಾಢ ಬಂತೆಂದರೆ ಬಾಗಿಲುಗಳು ಬಿಗಿದುಕೊಳ್ಳುತ್ತವೆ. ಶಿವರಾತ್ರಿ ಕಳೆಯುತ್ತಿದ್ದಂತೆ ಅದೇ ಬಾಗಿಲಿನ ಹಲಗೆಗಳ ನಡುವೆ ಬೆಳಕು ತೂರುವಷ್ಟು ಸಂದು ಕಾಣುತ್ತದೆ. ಕಡಿದು ಎಷ್ಟೋ ವರ್ಷಗಳಾದ ಮೇಲೂ ಮರವು ಗಾಳಿಯಿಂದ ನೀರನ್ನು ಹೀರುತ್ತಲೂ ಗಾಳಿಗೆ ನೀರನ್ನು ಬಿಟ್ಟುಕೊಡುತ್ತಲೂ ಇರುತ್ತದೆ. ನಮಗೆಲ್ಲ ಗೊತ್ತಿರುವ ಈ ಸಂಗತಿಯೇ ಈ ಮಳೆಗಾಲದ ಆರಂಭದಲ್ಲಿ ಮೈಸೂರಿನ ಕುಶಲಕರ್ಮಿಯೊಬ್ಬರನ್ನು ನಮ್ಮ ಬಳಗದ ಬಾಗಿಲಿಗೆ ತಂದಿತು.

ಅವರದು ಮಂಡಿ ಮೊಹಲ್ಲಾದಲ್ಲಿ ಒಂದು ಸಣ್ಣ ಕಾರ್ಯಾಗಾರ. ಬೀಟೆಯ ಹಲಗೆಯಲ್ಲಿ ಗುಳಿ ತೋಡಿ, ಬೇರೆ ಬೇರೆ ಬಣ್ಣದ ಮರದ ತೆಳು ಚೂರುಗಳನ್ನು ಅಂಟಿನಿಂದ ಕೂರಿಸಿ, ಉಜ್ಜಿ ಹೊಳಪು ಕೊಡುವ ಇನ್ಲೇ ಕೆಲಸ. ಒಂದು ಕಾಲದಲ್ಲಿ ಈ ಕೆಲಸಕ್ಕೆ ಆನೆದಂತವನ್ನು ಬಳಸುತ್ತಿದ್ದರು. ಮೈಸೂರು ಅರಮನೆಯ ಬಾಗಿಲುಗಳಲ್ಲಿ ಅದನ್ನು ಇಂದಿಗೂ ಕಾಣಬಹುದು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಲೆಯ ಶತ್ರು ಹವಾಮಾನ. ಜುಲೈ ತಿಂಗಳಲ್ಲಿ ಕೂರಿಸಿದ ಚೂರು ಮಾರ್ಚ್‌ನಲ್ಲಿ ಎದ್ದು ಬರುತ್ತದೆ, ಹಲಗೆ ಬಾಗುತ್ತದೆ, ಕೊಂಡವರು ವಾಪಸು ತರುತ್ತಾರೆ. ಅಂಗಡಿಯವರು ಎರಡು ಟನ್ನಿನ ಎ.ಸಿ. ಹಾಕಿಸಿಬಿಡಿ ಎಂದಿದ್ದರಂತೆ. ‘ಡಾಕ್ಟ್ರೇ, ಯಾವುದು ತಗೊಳ್ಳಲಿ, ನೀವೇ ಹೇಳಿ’ ಎಂದು ಅವರು ಕೇಳಿದರು.

ನಾನು ಬೀಜಗಳೊಂದಿಗೆ ಕೆಲಸ ಮಾಡಿದವನು, ಯಂತ್ರಗಳ ಪಂಡಿತನಲ್ಲ. ಆದರೆ ಬೀಜಕ್ಕೂ ಮರಕ್ಕೂ ಗಾಳಿಯ ತೇವದೊಡನೆ ಇರುವ ನಂಟು ಒಂದೇ ಬಗೆಯದು. ಬೀಜದ ತೇವಾಂಶ ಒಂದು ಪ್ರತಿಶತ ಇಳಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂದು ಬೀಜಶಾಸ್ತ್ರ ಹೇಳುತ್ತದೆ. ನಮ್ಮ ಅಜ್ಜಿಯರು ಒಲೆಯ ಮೇಲಿನ ಅಟ್ಟದಲ್ಲಿ ಸೌತೆ, ಬೆಂಡೆಯ ಬೀಜಗಳನ್ನಿಟ್ಟದ್ದು ಇದೇ ತಿಳಿವಳಿಕೆಯಿಂದ. ಮರದ ಲೆಕ್ಕವೂ ಹೀಗೆಯೇ. ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ 30 ಪ್ರತಿಶತ ಇದ್ದರೆ ಮರದ ತೇವಾಂಶ 6 ಪ್ರತಿಶತದ ಆಸುಪಾಸಿನಲ್ಲಿ ನಿಲ್ಲುತ್ತದೆ. ಆರ್ದ್ರತೆ 65 ಆದರೆ 12ಕ್ಕೆ, 80 ಆದರೆ 16ಕ್ಕೆ ಏರುತ್ತದೆ. ಮೈಸೂರಿನ ಮಳೆ ನಮ್ಮ ಆಗುಂಬೆಯ ಮಳೆಯ ಸುಮಾರು ಹತ್ತನೆಯ ಒಂದು ಪಾಲು. ಆದರೂ ಮಳೆಗಾಲದ ಮುಂಜಾವಿನಲ್ಲಿ ಅಲ್ಲಿಯ ಗಾಳಿ 80 ಪ್ರತಿಶತವನ್ನು ದಾಟುತ್ತದೆ, ಮಾರ್ಚ್‌ನ ಮಧ್ಯಾಹ್ನ ಬಾಯಾರುವಷ್ಟು ಒಣಗುತ್ತದೆ. ಈ ಎರಡು ತುದಿಗಳ ನಡುವಿನ ತೊನೆದಾಟವೇ ಅಂಟನ್ನು ಕೀಳುವುದು. ಸೆಕೆಯ ಪಾತ್ರ ಇದರಲ್ಲಿ ತೀರ ಅಲ್ಪ.

ಹವಾನಿಯಂತ್ರಣದ ಹುಟ್ಟನ್ನು ಇಲ್ಲಿ ನೆನೆಯಬೇಕು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಜರುಗುತ್ತಿದ್ದವು. ಆ ತೇವವನ್ನು ಹಿಡಿತಕ್ಕೆ ತರಲು ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಯಂತ್ರವೊಂದನ್ನು ರೂಪಿಸಿದರು. ಮನುಷ್ಯರನ್ನು ತಂಪಾಗಿಡುವ ಕೆಲಸ ಅದಕ್ಕೆ ಬಂದದ್ದು ಆಮೇಲೆ. ಮೈಸೂರಿನ ಇನ್ಲೇ ಕಾರ್ಮಿಕರ ಸಮಸ್ಯೆಯೂ ಆ ಮುದ್ರಣಾಲಯದ ಸಮಸ್ಯೆಯೂ ಒಂದೇ.

ಹಾಗಿದ್ದರೆ ದೊಡ್ಡ ಎ.ಸಿ. ಏಕೆ ಬೇಡ? ತಣ್ಣೀರು ತುಂಬಿದ ಚೊಂಬಿನ ಹೊರಮೈಯಲ್ಲಿ ಹನಿಗಟ್ಟುವುದನ್ನು ನೋಡಿದ್ದೇವೆ. ಎ.ಸಿ.ಯ ಒಳಗಿನ ತಣ್ಣನೆಯ ಕೊಳವೆಗಳ ಮೇಲೆಯೂ ಗಾಳಿಯ ನೀರು ಹಾಗೆಯೇ ಹನಿಗಟ್ಟಿ ಹೊರಗೆ ಹರಿಯುತ್ತದೆ. ಇದಕ್ಕೆ ಯಂತ್ರ ಬಹಳ ಹೊತ್ತು ಓಡಬೇಕು. ಮಳೆಗಾಲದ ಮೈಸೂರಿನಲ್ಲಿ ಹೊರಗಿನ ಉಷ್ಣತೆಯೇ 22-25 ಡಿಗ್ರಿ. ಹತ್ತು ಅಡಿಯ ಕೋಣೆಯನ್ನು ಎರಡು ಟನ್ನಿನ ಯಂತ್ರ ಕೆಲವೇ ನಿಮಿಷಗಳಲ್ಲಿ ತಣಿಸಿ ನಿಂತುಬಿಡುತ್ತದೆ. ಫ್ಯಾನು ಮಾತ್ರ ತಿರುಗುತ್ತಿದ್ದರೆ ಕೊಳವೆಯ ಮೇಲಿನ ಹನಿಗಳು ಆವಿಯಾಗಿ ಮತ್ತೆ ಕೋಣೆಗೇ ಸೇರುತ್ತವೆ. ಕೊನೆಗೆ ಉಳಿಯುವುದು ತಂಪಾದ, ಆದರೆ ಹಸಿಹಸಿಯಾದ ಕೋಣೆ. ಹಣ ಹೆಚ್ಚು ಸುರಿದಷ್ಟೂ ಹಲಗೆಗೆ ಕೇಡು ಹೆಚ್ಚು.

ನಾವು ಅವರಿಗೆ ಹೇಳಿದ್ದು ಇಷ್ಟು. ಮೊದಲು ನೂರಿನ್ನೂರು ರೂಪಾಯಿಯಿಂದ ದೊರೆಯುವ ಹೈಗ್ರೋಮೀಟರನ್ನು ಗೋಡೆಗೆ ತೂಗುಹಾಕಿ, ಬೆಳಿಗ್ಗೆ ಸಂಜೆ ಒಂದು ತಿಂಗಳು ಬರೆದಿಡಿ. ಎರಡನೆಯದಾಗಿ, ನೀರು ಒಳಬರುವ ದಾರಿಗಳನ್ನು ಮುಚ್ಚಿ: ಒಡೆದ ಹೆಂಚು, ಗೋಡೆಯ ತಳದ ತೇವ, ನೆಲಕ್ಕೆ ತಾಗಿಸಿ ಪೇರಿಸಿದ ಹಲಗೆ. ಮೂರನೆಯದಾಗಿ, ಕೊಯ್ಯುವ, ಉಜ್ಜುವ ಜಾಗವನ್ನು ಹವಾನಿಯಂತ್ರಣಕ್ಕೆ ಒಳಪಡಿಸಬೇಡಿ. ಬೀಟೆಯ ಹುಡಿ ಚರ್ಮಕ್ಕೂ ಶ್ವಾಸಕ್ಕೂ ಅಲರ್ಜಿ ತರುವಂಥದು. ಪಾಲಿಶಿನ ಆವಿಯೂ ಒಳ್ಳೆಯದಲ್ಲ. ಅಲ್ಲಿ ಬೇಕಾದುದು ಗಾಳಿಯನ್ನು ಹೊರತಳ್ಳುವ ಫ್ಯಾನು. ಎ.ಸಿ.ಯಾದರೋ ಅದೇ ಗಾಳಿಯನ್ನು ಸುತ್ತಿಸುತ್ತದೆ, ಹುಡಿಯಿಂದ ತಾನೂ ಕಟ್ಟಿಕೊಳ್ಳುತ್ತದೆ. ಅಂಟು ಹಾಕುವುದಕ್ಕೂ ಸಿದ್ಧವಾದ ಹಲಗೆಗಳನ್ನಿಡುವುದಕ್ಕೂ ಬಾಗಿಲು ಭದ್ರವಾದ ಒಂದು ಪುಟ್ಟ ಕೋಣೆಯನ್ನು ಬೇರೆ ಮಾಡಿ. ಆ ಕೋಣೆಯೊಂದರ ಆರ್ದ್ರತೆ ವರ್ಷವಿಡೀ 50ರಿಂದ 60 ಪ್ರತಿಶತದಲ್ಲಿ ನಿಂತರೆ ಸಾಕು. ಮಳೆಗಾಲದಲ್ಲಿ ಅದಕ್ಕೆ ತೇವ ಹೀರುವ ಡಿಹ್ಯೂಮಿಡಿಫೈಯರ್ ಎಂಬ ಸಣ್ಣ ಯಂತ್ರವಿದೆ. ಅದು ಕೋಣೆಯನ್ನು ತುಸು ಬೆಚ್ಚಗೂ ಮಾಡುವುದರಿಂದ ಆ ದಿನಗಳಿಗೆ ಸರಿಹೊಂದುತ್ತದೆ. ಮಾರ್ಚ್ ತಿಂಗಳಿಗೆ ಅಗಲವಾದ ನೀರಿನ ತಟ್ಟೆ, ಒದ್ದೆ ಗೋಣಿ ಸಾಕಾಗಬಹುದು.

ಬೇಸಿಗೆಯ ಸೆಕೆಗೆ ಎ.ಸಿ. ಬೇಕೇ ಬೇಕೆಂದಾದರೆ, ಕೋಣೆಯ ಅಳತೆಗೆ ತಕ್ಕ ಸಣ್ಣ ಇನ್ವರ್ಟರ್ ಯಂತ್ರವನ್ನೇ ಕೊಳ್ಳಬೇಕು. ಅದು ವೇಗ ತಗ್ಗಿಸಿಕೊಂಡು ಬಹಳ ಹೊತ್ತು ಓಡಬಲ್ಲದು. ತೇವ ತೆಗೆಯುವ ‘ಡ್ರೈ’ ವ್ಯವಸ್ಥೆ ಇದೆಯೇ ಎಂದು ಕೇಳಬೇಕು, ನಕ್ಷತ್ರಗಳನ್ನು ಎಣಿಸಬೇಕು. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿಟ್ಟರೆ ಸುಮಾರು 6 ಪ್ರತಿಶತ ವಿದ್ಯುತ್ ಉಳಿಯುತ್ತದೆಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಒಳಗಿನ ಅನಿಲವನ್ನೂ ವಿಚಾರಿಸಬೇಕು. ಆರ್-410ಎ ಸೋರಿದರೆ ಇಂಗಾಲದ ಡೈಆಕ್ಸೈಡಿನ ಸುಮಾರು 2000 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಆರ್-32 ಸುಮಾರು 675 ಪಟ್ಟು. ಪ್ರೊಪೇನ್ ಆದ ಆರ್-290 ತೀರ ಕಡಿಮೆ. ಆದರೆ ಪ್ರೊಪೇನ್ ಬೆಂಕಿಗೆ ಬೇಗ ತುತ್ತಾಗುವುದರಿಂದ ತರಬೇತಿ ಪಡೆದವರೇ ಅದನ್ನು ಕೂರಿಸಬೇಕು. ಇಂಥ ಅನಿಲಗಳನ್ನು ತಗ್ಗಿಸಲು 2016ರಲ್ಲಿ ಆದ ಕಿಗಾಲಿ ಒಪ್ಪಂದವನ್ನು ಭಾರತವು 2021ರಲ್ಲಿ ಅನುಮೋದಿಸಿದೆ.

ಮೈಸೂರಿನ ಕೋಣೆಯೊಂದರ ಚಿಂತೆ ಮಲೆನಾಡಿನವರಾದ ನಮಗೇಕೆ ಎಂದು ಓದುಗರು ಕೇಳಬಹುದು. ನಂಟು ಎರಡು ಬಗೆಯದು. ಮೊದಲನೆಯದು ಮರದ್ದು. ಬೀಟೆ ನಮ್ಮ ಘಟ್ಟದ ಕಾಡಿನ ಮರ. ಹಲಗೆಯಾಗಬಲ್ಲ ದಪ್ಪಕ್ಕೆ ಬೆಳೆಯಲು ತಲೆಮಾರುಗಳೇ ಬೇಕು. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ನಿಯಂತ್ರಣವಿದೆ. ಬಾಗಿ ಬಿಸಾಡಿದ ಪ್ರತಿಯೊಂದು ಹಲಗೆಯೂ ವ್ಯರ್ಥವಾದ ಕಾಡು. ಆದುದರಿಂದ ಆ ಕುಶಲಕರ್ಮಿಯ ಕೋಣೆ ಒಣಗಿರಬೇಕೆಂಬುದು ನಮ್ಮ ಹಿತವೂ ಹೌದು. ‘ಯಂತ್ರವೇ ಬೇಡ’ ಎಂದು ಅವರಿಗೆ ಉಪದೇಶಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ಎರಡನೆಯದು ವಿದ್ಯುತ್ತಿನ ನಂಟು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆ ಬೆಳಕು ಕೊಟ್ಟಿತು. ಅದರ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮಕ್ಕಳು ಇಂದಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿದ್ದಾರೆ. ಬೇಡಿಕೆ ಏರುವ ಹೊತ್ತಿಗೆ ವಿದ್ಯುತ್ ಒದಗಿಸಲೆಂದೇ ಅದೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದ ನಡುವೆ, 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಪ್ರಸ್ತಾವವಾಗಿ ಬಂತು. ಒಂದು ಎ.ಸಿ.ಗಾಗಿ ಯಾರೂ ಸುರಂಗ ಕೊರೆಯುವುದಿಲ್ಲ, ನಿಜ. ಆದರೆ ಅಳತೆ ಮೀರಿ ಕೊಂಡ ಲಕ್ಷಾಂತರ ಯಂತ್ರಗಳು ಒಂದೇ ಹೊತ್ತಿನಲ್ಲಿ ಓಡಿದಾಗ ‘ಬೇಡಿಕೆ’ ಎಂಬ ಅಂಕಿ ಬೆಳೆಯುತ್ತದೆ. ಆ ಅಂಕಿಯನ್ನು ತೋರಿಸಿಯೇ ನಮ್ಮ ಕಣಿವೆಗಳನ್ನು ಕೇಳುತ್ತಾರೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ ಹೇಳುತ್ತೇವೆ. ನಿಮ್ಮ ಶಾಲೆಯ ಗ್ರಂಥಾಲಯದಲ್ಲಿ, ಮನೆಯ ಅಡಿಕೆ ಅಟ್ಟದಲ್ಲಿ, ಬೀಜದ ಡಬ್ಬಿಯ ಬಳಿ ಒಂದು ಹೈಗ್ರೋಮೀಟರಿಟ್ಟು ಮುಂದಿನ ಮಳೆಗಾಲದವರೆಗೆ ದಿನಚರಿ ಬರೆಯಿರಿ. ಅಗತ್ಯ ಎಷ್ಟೆಂದು ಅಳೆದು ತಿಳಿದವರಿಗೆ ಅಂಗಡಿಯವರು ಎರಡು ಟನ್ ಮಾರಲಾರರು.

ಮೈಸೂರಿನ ಆ ಸ್ನೇಹಿತರು ಹೆಂಚು ಸರಿಪಡಿಸಿ, ಪುಟ್ಟ ಕೋಣೆ ಕಟ್ಟಿ, ತೇವ ಹೀರುವ ಯಂತ್ರವನ್ನು ತಂದಿದ್ದಾರೆ. ಎ.ಸಿ.ಯ ತೀರ್ಮಾನವನ್ನು ಬೇಸಿಗೆಗೆ ಮುಂದೂಡಿದ್ದಾರೆ. ನಿಜವಾದ ಪರೀಕ್ಷೆ ಇನ್ನೂ ಮುಂದಿದೆ: ಈ ಜುಲೈಯಲ್ಲಿ ಕೂರಿಸಿದ ಚೂರುಗಳು ಶಿವರಾತ್ರಿಯ ಒಣಹವೆಯಲ್ಲಿ ನಿಲ್ಲಬೇಕು. ಆಗ ಹೋಗಿ ನೋಡಿಬರುತ್ತೇವೆ. ನಮ್ಮ ಸಲಹೆ ತಪ್ಪಾಗಿದ್ದರೆ ಅದನ್ನೂ ಇದೇ ಪುಟದಲ್ಲಿ ಬರೆಯುತ್ತೇವೆ.